ಮಂಗಳೂರು: ಕಡಲ ಬಾಗಿಲಲ್ಲಿ ಎರಡು ದಿನ

ಪ್ರವಾಸವೆಂದರೆ ನಮ್ಮ ಕಡೆಯ ಮನೆಗಳಲ್ಲಿ ಒಂದು ಕ್ರಮ ಬಹುಕಾಲದಿಂದ ನಡೆದುಬಂದಿದೆ. ರಜೆಯ ದಿನಗಳಲ್ಲಿ ವಾಹನವೊಂದನ್ನು ಗೊತ್ತುಮಾಡಿ, ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗಳ ಬುತ್ತಿ ಕಟ್ಟಿಕೊಂಡು, ಘಟ್ಟವಿಳಿದು ಧರ್ಮಸ್ಥಳ, ಸುಬ್ರಹ್ಮಣ್ಯ, ಕಟೀಲು, ಉಡುಪಿಗಳನ್ನು ಕಂಡು, ನಡುವೆ ಒಂದು ಸಂಜೆ ಮಂಗಳೂರಿನ ಸಮುದ್ರತೀರದಲ್ಲಿ ಮಕ್ಕಳ ಕಾಲು ನೆನೆಸಿ ಹಿಂದಿರುಗುವುದು. ನಾವೂ ಹಾಗೆಯೇ ಮಾಡಿದವರು. ನಾಲ್ಕಾರು ಬಾರಿ ಮಂಗಳೂರಿಗೆ ಹೋಗಿಯೂ ಮಂಗಳೂರನ್ನು ನಾವು ನೋಡಿರಲಿಲ್ಲವೆಂಬ ಅರಿವು ನಮಗೆ ಅರವತ್ತೆಂಟನೆಯ ವಯಸ್ಸಿನಲ್ಲಿ ಆಯಿತು. ಆ ಅರಿವಿನ ಕಥನವೇ ಈ ಲೇಖನ.

ಕಳೆದ ವರ್ಷ ನಮ್ಮ ಹಿರಿಯ ಮಗಳ ಮಗಳಿಗೆ ಮಂಗಳೂರಿನ ಕಾಲೇಜೊಂದರಲ್ಲಿ ಪ್ರವೇಶ ದೊರೆಯಿತು. ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯ ಪಡಸಾಲೆಯಲ್ಲಿ ಹಿರಿಯರೆಲ್ಲ ಕುಳಿತು ವಿಚಾರಮಾಡಿದೆವು. ವಿದ್ಯೆಗೆ ದಾವಣಗೆರೆಯಲ್ಲೇನು ಕೊರತೆ? ಮನೆಯಿಂದ ನಡೆದುಹೋಗುವಷ್ಟು ಹತ್ತಿರದಲ್ಲೇ ದೊಡ್ಡ ದೊಡ್ಡ ಕಾಲೇಜುಗಳಿರುವಾಗ ಹೆಣ್ಣುಮಗುವನ್ನು ಘಟ್ಟದ ಕೆಳಗೆ ಕಳುಹಿಸುವುದೇಕೆ? ಹೀಗೆ ಎಲ್ಲರಿಗಿಂತ ಹೆಚ್ಚು ವಾದಿಸಿದವರು ನಾವೇ. ಬಾಯಲ್ಲಿ ಆಡಿದ ಕಾರಣ ದೂರ. ಮನಸ್ಸಿನಲ್ಲಿದ್ದ ಕಾರಣ ಬೇರೆ. ಅದು ಬಂದರಿನ ಊರು. ನಾನಾ ಮತ, ನಾನಾ ಭಾಷೆ. ಬೀದಿಯಲ್ಲಿ ಮೀನಿನ ವಾಸನೆ. ಮಗುವಿನ ಆಚಾರ ಕೆಟ್ಟೀತು ಎಂಬ ಭಯ. ಮಠದ ಪಾಠಶಾಲೆಯಲ್ಲಿ ಬೆಳೆದವರಿಗೆ ಈ ಭಯ ಬೇಗ ಬಿಡುವುದಿಲ್ಲ. ಹುಡುಗಿ ನಮ್ಮ ಮಾತನ್ನೆಲ್ಲ ಕೇಳಿ ಕೊನೆಗೆ ಒಂದೇ ಮಾತು ಹೇಳಿದಳು: “ಅಜ್ಜಾ, ನೀವು ಒಮ್ಮೆ ಬಂದು ನೋಡ್ರಿ. ನೋಡಿದ ಮೇಲೂ ಬೇಡ ಅಂದ್ರೆ ನಾನು ಹೋಗೋದಿಲ್ಲ.” ಆ ಮಾತಿಗೆ ಕಟ್ಟುಬಿದ್ದು, ಶ್ರಾವಣದ ಪ್ರವಚನಗಳು ಮುಗಿದು ಮಳೆ ಹಿಂದೆಗೆದ ಮೇಲೆ, ನವರಾತ್ರಿಗೆ ಮುನ್ನ ನಾವು, ನಮ್ಮ ಮನೆಯವರು, ಮಗಳು, ಮೊಮ್ಮಗಳು ಹೀಗೆ ನಾಲ್ವರು ಹೊರಟೆವು.

ಬಿದನೂರಿನ ದಾರಿ

ಮಂಗಳೂರಿಗೆ ಆಗುಂಬೆ, ಚಾರ್ಮಾಡಿ, ಹುಲಿಕಲ್ ಮೊದಲಾಗಿ ಹಲವು ಘಟ್ಟಗಳ ದಾರಿಯುಂಟು. ಸಮಯವಿದ್ದವರು ಒಮ್ಮೆಯಾದರೂ ಹುಲಿಕಲ್ ಘಟ್ಟದಿಂದ ಇಳಿಯಬೇಕೆಂಬುದು ನಮ್ಮ ಸೂಚನೆ. ಹರಿಹರದಿಂದ ಹೊನ್ನಾಳಿಯ ಮೇಲೆ ತುಂಗಭದ್ರೆಯ ಜೊತೆಜೊತೆಯಲ್ಲೇ ಶಿವಮೊಗ್ಗಕ್ಕೆ ಬಂದು, ಹೊಸನಗರವನ್ನು ದಾಟಿದರೆ ನಗರವೆಂಬ ಸಣ್ಣ ಊರು. ಇದೇ ಹಿಂದಿನ ಬಿದನೂರು. ಕೆಳದಿ ಅರಸರ ಕೊನೆಯ ರಾಜಧಾನಿ. ರಸ್ತೆಯ ಬದಿಗೇ ಕೋಟೆ, ಸ್ವಲ್ಪ ದೂರದಲ್ಲಿ ದೇವಗಂಗೆಯ ಕೊಳಗಳು. ಮಳೆನೀರು ಕುಡಿದು ಕಪ್ಪಾದ ಆ ಕಲ್ಲುಗಳ ಮೇಲೆ ಅರ್ಧ ಗಂಟೆ ಕುಳಿತರೆ ಮಂಗಳೂರಿನ ಚರಿತ್ರೆಯ ಪೀಠಿಕೆ ತಾನಾಗಿ ತಿಳಿಯುತ್ತದೆ.

ಕೆಳದಿಯವರು ವೀರಶೈವ ಅರಸರೆಂಬುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಆದರೆ ಅವರು ಕಡಲಿನ ಅರಸರೂ ಆಗಿದ್ದರೆಂಬುದನ್ನು ನಾವು ಮರೆಯುತ್ತೇವೆ. ಹೊನ್ನಾವರ, ಭಟ್ಕಳ, ಬಸರೂರು, ಮಂಗಳೂರುಗಳ ಬಂದರುಗಳಿಂದ ಅಕ್ಕಿ, ಮೆಣಸು ಹಡಗು ಹತ್ತುತ್ತಿದ್ದುದರಿಂದಲೇ ಆ ರಾಜ್ಯದ ಬೊಕ್ಕಸ ತುಂಬುತ್ತಿತ್ತು. 1650ರ ದಶಕದಲ್ಲಿ ಶಿವಪ್ಪನಾಯಕನು ಕರಾವಳಿಯ ಪೋರ್ಚುಗೀಸರ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಂಡನು. 1689ರಲ್ಲಿ ಔರಂಗಜೇಬನ ಸೈನ್ಯಕ್ಕೆ ಅಂಜದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ರಾಣಿ ಚೆನ್ನಮ್ಮಾಜಿಯೂ ಇದೇ ಸಿಂಹಾಸನದವಳು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಾಗ, ಬೆಟ್ಟದ ಮೇಲಿನ ರಾಜಧಾನಿಯ ಜೊತೆಗೆ ಕೆಳಗಿನ ಬಂದರುಗಳೂ ಅವನ ಕೈಸೇರಿದವು.

ದಾವಣಗೆರೆಗೂ ಈ ದಾರಿಗೂ ಇರುವ ನಂಟನ್ನೂ ಇಲ್ಲಿ ಹೇಳಬೇಕು. ಹತ್ತಿಯ ಗಿರಣಿಗಳು ಬರುವುದಕ್ಕೆ ಬಹು ಮುಂಚೆ, ಹತ್ತೊಂಬತ್ತನೆಯ ಶತಮಾನದಲ್ಲಿ, ನಗರ ಸೀಮೆಯ ಅಡಿಕೆ, ಮೆಣಸುಗಳು ಪೂರ್ವದ ವಾಲಾಜಾಪೇಟೆಯ ಕಡೆಗೆ ಸಾಗುವ ಹಾದಿಯಲ್ಲಿ ದಾವಣಗೆರೆ ದೊಡ್ಡ ವ್ಯಾಪಾರಸ್ಥಳವಾಗಿತ್ತು. ಇಲ್ಲಿಯ ವರ್ತಕರಲ್ಲಿ ಹಲವರು ಶಿವಭಕ್ತರು. ಹೇರೆತ್ತುಗಳ ಕೊರಳ ಗಂಟೆಯ ದನಿಯಲ್ಲಿ ಬೆಳೆದ ಊರು ನಮ್ಮದು. ಪರವೂರಿನ ಸರಕು, ಪರವೂರಿನ ಜನ ನಮ್ಮ ಅಜ್ಜಂದಿರಿಗೆ ಹೊಸತಾಗಿರಲಿಲ್ಲ.

ಇನ್ನೊಂದು ಮಾತು. ತುಂಗೆ, ಭದ್ರೆ, ನೇತ್ರಾವತಿ ಈ ಮೂರೂ ಸಹ್ಯಾದ್ರಿಯ ಗಂಗಾಮೂಲದಲ್ಲಿ ಹುಟ್ಟಿದ ಅಕ್ಕತಂಗಿಯರೆಂಬುದು ಜನರ ನಂಬಿಕೆ. ಇಬ್ಬರು ಕೂಡಲಿಯಲ್ಲಿ ಒಂದಾಗಿ ಹರಿಹರದ ಮುಂದೆ ಹರಿದು ಮೂಡಲ ಕಡಲಿನತ್ತ ಸಾಗುತ್ತಾರೆ. ಮೂರನೆಯವಳು ಪಡುವಣಕ್ಕಿಳಿದು ಮಂಗಳೂರನ್ನು ಸೇರುತ್ತಾಳೆ. ಹರಿಹರದ ಹೊಳೆಯಲ್ಲಿ ಮಿಂದವರಿಗೆ ಮಂಗಳೂರಿನ ಅಳಿವೆ ಚಿಕ್ಕಮ್ಮನ ಮನೆಯಿದ್ದಂತೆ. ಇದನ್ನು ಮೊಮ್ಮಗಳಿಗೆ ಹೇಳಿದಾಗ ಅವಳು ನಕ್ಕಳು. ಅವಳ ಅಜ್ಜಿಯ ಮುಖದ ಮೇಲಿನ ಆತಂಕ ಮಾತ್ರ ಇಳಿಯಲಿಲ್ಲ.

ಮೊದಲ ಬೆಳಗು: ದಕ್ಕೆ ಮತ್ತು ಬಂದರು

ಮಂಗಳೂರನ್ನು ನೋಡಬೇಕೆನ್ನುವವರು ಬೆಳಗಿನ ಆರು ಗಂಟೆಗೇ ದಕ್ಕೆಗೆ ಹೋಗಬೇಕು. ದಕ್ಕೆಯೆಂದರೆ ಮೀನುಗಾರಿಕೆಯ ದೋಣಿಗಳು ಬಂದು ನಿಲ್ಲುವ ಕಟ್ಟೆ. ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಸಮುದ್ರವನ್ನು ಸೇರುವ ಅಳಿವೆಯ ಒಳಮಗ್ಗುಲಲ್ಲಿ ಅದಿದೆ. ಅದರ ಪಕ್ಕದಲ್ಲೇ ಹಳೆಯ ಬಂದರು. ಇಂದಿಗೂ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟುಗಳನ್ನು ಒಯ್ಯುವ ಮಂಜಿಗಳು, ಅಂದರೆ ದೊಡ್ಡ ಮರದ ಹಡಗುಗಳು, ಇಲ್ಲಿಂದಲೇ ಹೊರಡುತ್ತವೆ. ಮಳೆಗಾಲದ ನಾಲ್ಕು ತಿಂಗಳು ಅವುಗಳ ಓಡಾಟ ನಿಲ್ಲುತ್ತದೆ. ನಾವು ಹೋದಾಗ ಒಂದೆರಡು ಮಂಜಿಗಳಿಗೆ ಆಗಷ್ಟೇ ಸರಕು ತುಂಬುತ್ತಿದ್ದರು. ಹೊರೆಯಾಳುಗಳು ಒಂದು ಹಲಗೆಯ ಮೇಲೆ ಹೆಜ್ಜೆ ತಪ್ಪದೆ ಮೂಟೆ ಹೊತ್ತು ನಡೆಯುವುದನ್ನು ಎಷ್ಟು ನೋಡಿದರೂ ಸಾಲದು.

ಆದರೆ ದಕ್ಕೆಯ ಬಾಗಿಲಲ್ಲೇ ನಮ್ಮಿಂದ ಒಂದು ತಪ್ಪು ನಡೆಯಿತು. ವಾಸನೆ ಮೂಗಿಗೆ ಬಡಿದೊಡನೆ ನಾವು ಶಲ್ಯವನ್ನು ಮೂಗಿಗೆ ಒತ್ತಿಹಿಡಿದು, ಅಲ್ಲಿಂದಲೇ ಹಿಂದಿರುಗಲು ಹೊರಟೆವು. ನೆಲದ ಮೇಲೆ ಕಾಲು ಚಾಚಿ ಕುಳಿತು ಬಲೆಯ ಹರುಕನ್ನು ಹೆಣೆಯುತ್ತಿದ್ದ, ಹೆಚ್ಚುಕಡಿಮೆ ನಮ್ಮದೇ ವಯಸ್ಸಿನವರೊಬ್ಬರು ತಲೆಯೆತ್ತಿ ನೋಡಿದರು. ಕೋಪವಿಲ್ಲದೆ, ನಗುತ್ತಲೇ ಹೇಳಿದರು: “ಹೊರಗಿನವರಿಗೆ ಮೊದಲ ದಿನ ಹಾಗೇ ಆಗುವುದು ಸ್ವಾಮಿ. ನಮಗೆ ಈ ವಾಸನೆ ಇಲ್ಲದ ದಿನವೇ ಹೆದರಿಕೆ. ವಾಸನೆ ಇಲ್ಲವೆಂದರೆ ಬೋಟು ಹಿಂದೆ ಬರಲಿಲ್ಲ ಎಂದು ಲೆಕ್ಕ.”

ನಾವು ಶಲ್ಯವನ್ನು ಕೆಳಗಿಳಿಸಿದೆವು. ಉತ್ತರ ಹೊಳೆಯಲಿಲ್ಲ. ಪಕ್ಕದಲ್ಲಿದ್ದ ಮೊಮ್ಮಗಳು ಮೆಲ್ಲಗೆ, ನಮಗೆ ಮಾತ್ರ ಕೇಳುವಂತೆ ಅಂದಳು: “ಅಜ್ಜಾ, ಅಂಬಿಗರ ಚೌಡಯ್ಯನವರ ಮೈಗೂ ಹೊಳೆಯ ವಾಸನೆ ಇದ್ದೇ ಇತ್ತಲ್ರೀ.” ನಲವತ್ತು ವರ್ಷ ವೇದಿಕೆಗಳ ಮೇಲೆ ಕಾಯಕದ ಮಹತ್ವವನ್ನು ಬಣ್ಣಿಸಿದವರು ನಾವು. ಚೌಡಯ್ಯನು ಅಂಬಿಗ, ಚೆನ್ನಯ್ಯನು ಮಾದಾರ, ಮಾಚಯ್ಯನು ಮಡಿವಾಳ ಎಂದು ಹೇಳುವಾಗ ಸಭೆ ತಲೆದೂಗುತ್ತಿತ್ತು. ಕಾಯಕವು ಕಣ್ಣೆದುರು ಬಂದಾಗ ಮೂಗು ಮುಚ್ಚಿಕೊಂಡೆವು. ಮಾಂಸಾಹಾರವನ್ನು ನಾವು ಒಪ್ಪಬೇಕಾಗಿಲ್ಲ. ನಮ್ಮ ಆಹಾರದ ನಿಯಮ ನಮಗಿರಲಿ. ಆದರೆ ಕಡಲಿಗಿಳಿದು, ಜೀವವನ್ನು ಒತ್ತೆಯಿಟ್ಟು, ಹೆಂಡತಿ ಮಕ್ಕಳ ಹೊಟ್ಟೆಗೆ ದುಡಿಯುವವನ ಮುಂದೆ ಮೂಗು ಮುಚ್ಚುವುದು ಯಾವ ಆಚಾರ? ಅಂದು ಇಡೀ ದಿನ ಈ ಪ್ರಶ್ನೆ ನಮ್ಮ ಬೆನ್ನು ಬಿಡಲಿಲ್ಲ.

ದಕ್ಕೆಯಿಂದ ಬಂದರಿನ ಬೀದಿಗಳಿಗೆ ನಡೆದೇ ಹೋಗಬಹುದು. ಇಕ್ಕಟ್ಟಾದ ಓಣಿಗಳು, ಹಂಚಿನ ಹಳೆಯ ಮಳಿಗೆಗಳು, ಅಕ್ಕಿ ಬೇಳೆಯ ಮಂಡಿಗಳು. ದಾವಣಗೆರೆಯ ಮಂಡಿಪೇಟೆಯನ್ನು ಬಲ್ಲವರಿಗೆ ಇಲ್ಲಿ ಪರಕೀಯವೆನಿಸುವುದಿಲ್ಲ. ಇಲ್ಲಿಯೇ ಜೀನತ್ ಬಕ್ಷ್ ಜುಮ್ಮಾ ಮಸೀದಿಯಿದೆ. ಭಾರತದ ಅತಿ ಪ್ರಾಚೀನ ಮಸೀದಿಗಳಲ್ಲಿ ಒಂದೆಂದು ಪ್ರತೀತಿ. ಅರಬ್ಬೀ ವರ್ತಕರ ಜೊತೆ ಬಂದವರು ಕಟ್ಟಿದ್ದನ್ನು ಮುಂದೆ ಟಿಪ್ಪು ಸುಲ್ತಾನನು ಜೀರ್ಣೋದ್ಧಾರ ಮಾಡಿಸಿದನು. ಒಳಗಿನ ಮರದ ಕೆತ್ತನೆ ನಮ್ಮ ಕರಾವಳಿಯ ಬಡಗಿಗಳ ಕೈಚಳಕವನ್ನೇ ನೆನಪಿಗೆ ತರುತ್ತದೆ. ಪರಮತದ ಪೂಜಾಸ್ಥಳವಾದುದರಿಂದ ಅಲ್ಲಿಯವರನ್ನು ಕೇಳಿ, ಅವರು ಒಪ್ಪಿದರೆ ಮಾತ್ರ ಒಳಗೆ ಹೋಗುವುದು ಮರ್ಯಾದೆ.

ಕಂಚಿನ ಊರು

ಬಂದರಿನಲ್ಲಿ ನಿಂತು ನೆನೆಯಬೇಕಾದ ಒಬ್ಬ ವ್ಯಕ್ತಿಯ ವೃತ್ತಾಂತವಿದೆ. ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಉತ್ತರ ಆಫ್ರಿಕದ ಟುನೀಸಿಯದಲ್ಲಿ ಹುಟ್ಟಿ, ಏಡನ್ನಿನ ಮಾರ್ಗವಾಗಿ ಮಂಗಳೂರಿಗೆ ಬಂದನು. 1132ರ ಹೊತ್ತಿಗೆ ಇಲ್ಲಿ ನೆಲೆಸಿದ್ದ ಅವನು 1149ರವರೆಗೂ ಇಲ್ಲಿದ್ದನು. ಈ ಊರಿನ ಆಶು ಎಂಬ ಸೇವಕಿಯನ್ನು ದಾಸ್ಯದಿಂದ ಬಿಡಿಸಿದ ಪತ್ರವೂ, ಅವನಿಗೆ ಏಡನ್ನಿನ ಗೆಳೆಯರು ಬರೆದ ಪತ್ರಗಳೂ ಈಜಿಪ್ಟಿನ ಕೈರೋ ನಗರದ ಯೆಹೂದಿ ಮಂದಿರವೊಂದರ ಹಳೆಯ ಕಾಗದಗಳ ಕೋಣೆಯಲ್ಲಿ ಶತಮಾನಗಳ ಕಾಲ ಉಳಿದು ಬಂದುವು. ಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣಗಳನ್ನು ಅವನು ಇಲ್ಲಿಂದ ಕಳುಹಿಸುತ್ತಿದ್ದನು. ಅಲ್ಲಿಂದ ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಬರುತ್ತಿದ್ದವು. ಅವನದೊಂದು ಕಂಚಿನ ಕಾರ್ಖಾನೆಯೂ ಇಲ್ಲಿತ್ತು. ಏಡನ್ನಿನಿಂದ ಬಂದ ಒಡೆದ ಪಾತ್ರೆಗಳನ್ನು ಮಂಗಳೂರಿನ ಕುಶಲಿಗಳು ಕರಗಿಸಿ ಹೊಸ ದೀಪ, ಬಟ್ಟಲುಗಳನ್ನು ಎರೆದು ಕೊಡುತ್ತಿದ್ದರು. ಇಂಗ್ಲಿಷ್ ಲೇಖಕ ಅಮಿತಾವ್ ಘೋಷ್ ಅವರು 1992ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ವೃತ್ತಾಂತವನ್ನು ವಿಸ್ತರಿಸಿದ್ದಾರೆ.

ಓದುಗರು ಕಾಲವನ್ನು ಗಮನಿಸಬೇಕು. ಅದು ಹನ್ನೆರಡನೆಯ ಶತಮಾನ, ಬಸವಣ್ಣನವರ ಶತಮಾನ. ಮುಂದೆ ಕೆಲವೇ ವರ್ಷಗಳಲ್ಲಿ ಕಲ್ಯಾಣದ ಅನುಭವ ಮಂಟಪಕ್ಕೆ ನಾಡುನಾಡುಗಳಿಂದ ಶರಣರು ಬಂದು ಸೇರಿದರು. ಕಾಶ್ಮೀರದಿಂದ ಬಂದವರೆಂದು ಮೋಳಿಗೆ ಮಾರಯ್ಯನವರನ್ನು ನಾವು ಹೆಮ್ಮೆಯಿಂದ ಸ್ಮರಿಸುತ್ತೇವೆ. ಕನ್ನಡ ನಾಡು ಆಗ ಬಾಗಿಲು ತೆರೆದಿಟ್ಟ ಮನೆಯಾಗಿತ್ತು. ಮೇಲುನಾಡಿನ ಬಾಗಿಲು ಕಲ್ಯಾಣವಾದರೆ ಕಡಲ ಬಾಗಿಲು ಮಂಗಳೂರು.

ಮಂಗಳೂರಿನ ಲೋಹಶಿಲ್ಪದ ಇನ್ನೊಂದು ಸಾಕ್ಷಿಯನ್ನು ಕಾಣಲು ಕದ್ರಿಗೆ ಹೋಗಬೇಕು. ಕದ್ರಿ ಮಂಜುನಾಥನ ಗುಡಿಯಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಗೆ ಮೂರು ಮುಖ, ಆರು ಕೈ. ಅದರ ಪೀಠದ ಶಾಸನದಂತೆ ಕ್ರಿ.ಶ. 968ರಲ್ಲಿ ಆಳುಪ ಅರಸ ಕುಂದವರ್ಮನು ಅದನ್ನು ಪ್ರತಿಷ್ಠಾಪಿಸಿದನು. ಬೌದ್ಧ ಕಲೆಯ ಛಾಯೆ, ನಾಥಪಂಥದ ಜೋಗಿಗಳ ಮಠ, ಶಿವನ ಪೂಜೆ ಈ ಮೂರೂ ಒಂದೇ ಗುಡ್ಡದ ಮೇಲಿವೆ. ಆ ಮೂರ್ತಿ 968ರದು. ಬೆನ್ ಯಿಜುವಿನ ಕಾರ್ಖಾನೆ 1130, 1140ರ ದಶಕಗಳದು. 1443ರಲ್ಲಿ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ವಿಜಯನಗರಕ್ಕೆ ಹೋಗುವಾಗ ಮಂಗಳೂರಿನ ಹತ್ತಿರ ಹಿತ್ತಾಳೆಯಲ್ಲಿ ಎರೆದ ಒಂದು ದೇವಾಲಯವನ್ನು ಕಂಡು ಬೆರಗಾಗಿ ಬರೆದಿಟ್ಟನು. ಅಂತೂ ಐದುನೂರು ವರ್ಷ ಈ ಊರಿನಲ್ಲಿ ಕಂಚುಗಾರರ ಒಲೆ ಆರಿರಲಿಲ್ಲವೆಂದು ನಾವು ಊಹಿಸಬಹುದು. ಅದೇ ಅಬ್ದುರ್ ರಜಾಕನು ಘಟ್ಟವನ್ನೇರಿ ಬಿದನೂರಿನ ಮೇಲೆಯೇ ವಿಜಯನಗರಕ್ಕೆ ಹೋದನು. ನಾವು ಇಳಿದುಬಂದ ಸೀಮೆಯನ್ನೇ ಅವನು ಹತ್ತಿಹೋದನೆಂದು ತಿಳಿದಾಗ ಮೊಮ್ಮಗಳಿಗೆ ಬಹು ಸಂತೋಷವಾಯಿತು.

ಬತ್ತೇರಿಯ ಕಡವು

ಮೊದಲ ದಿನದ ಇಳಿಹೊತ್ತನ್ನು ಬೋಳೂರಿನ ಸುಲ್ತಾನ್ ಬತ್ತೇರಿಗೆ ಮೀಸಲಿಡಬೇಕು. ಗುರುಪುರ ನದಿಯೊಳಗೆ ಶತ್ರುಗಳ ಯುದ್ಧನೌಕೆಗಳು ನುಗ್ಗದಂತೆ ಕಾಯಲು 1784ರಲ್ಲಿ ಟಿಪ್ಪು ಸುಲ್ತಾನನು ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಕಾವಲು ಬುರುಜಿದು. ಅದೇ ವರ್ಷ ಮಾರ್ಚಿ ತಿಂಗಳಲ್ಲಿ ಇಂಗ್ಲಿಷರಿಗೂ ಟಿಪ್ಪುವಿಗೂ ಮಂಗಳೂರಿನಲ್ಲೇ ಒಪ್ಪಂದವಾಗಿ ಎರಡನೆಯ ಮೈಸೂರು ಯುದ್ಧ ಮುಗಿಯಿತು. ಬುರುಜಿನ ಮೇಲೇರಿ ತೋಪಿನ ಕಿಂಡಿಗಳಿಂದ ನದಿಯನ್ನು ನೋಡಿದರೆ ಈ ಸ್ಥಳದ ಆಯಕಟ್ಟು ಮಕ್ಕಳಿಗೂ ಅರ್ಥವಾಗುತ್ತದೆ.

ನಾವು ಹೋದಾಗ ಬುರುಜಿನ ಬುಡದಿಂದ ಆಚೆಯ ತಣ್ಣೀರುಬಾವಿಯ ತೀರಕ್ಕೆ ದೋಣಿಯಿತ್ತು. ದೋಣಿಯಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟ ಮಕ್ಕಳು, ಬಿಳಿಯ ಉಡುಪಿನ ಒಬ್ಬ ಕ್ರೈಸ್ತ ಸನ್ಯಾಸಿನಿ, ತಲೆಗೆ ಬಟ್ಟೆ ಕಟ್ಟಿದ ಒಬ್ಬ ಬ್ಯಾರಿ ವ್ಯಾಪಾರಿ, ಖಾಲಿ ಮೀನುಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡ ಇಬ್ಬರು ಹೆಂಗಸರು, ಅವರ ನಡುವೆ ನಾವು. ದೋಣಿಯವನು “ಎಲ್ಲಿಂದ ಬಂದದ್ದು ಸ್ವಾಮಿ?” ಎಂದು ಕೇಳಿ, ದಾವಣಗೆರೆಯೆಂದೊಡನೆ “ಓ, ಬೆಣ್ಣೆದೋಸೆಯ ಊರು!” ಎಂದನು. ಎಲ್ಲರೂ ನಕ್ಕರು. ದೋಣಿಯಲ್ಲಿ ಮಡಿ ಮೈಲಿಗೆಯೆಂದು ಸರಿದು ಕೂರಲು ಜಾಗವಿಲ್ಲ; ಒಬ್ಬನು ಒಂದು ಮಗ್ಗುಲಿಗೆ ಸರಿದರೆ ಎಲ್ಲರಿಗೂ ಅಪಾಯ. ತುಂಗಭದ್ರೆಯ ದಡದ ಚೌಡದಾನಪುರದಲ್ಲಿ ಹುಟ್ಟು ಹಾಕಿದ ಚೌಡಯ್ಯನವರು ಅಷ್ಟು ನಿಷ್ಠುರವಾಗಿ ಏಕೆ ಮಾತಾಡಿದರೆಂಬುದು ಅಂದು ನಮಗೆ ಹೊಳೆಯಿತು. ಮನುಷ್ಯರ ಭೇದಗಳೆಲ್ಲ ನೆಲದ ಮೇಲಿನವು ಎಂಬುದನ್ನು ದಿನವೂ ದೋಣಿಯಲ್ಲಿ ಕಂಡವರು ಅವರು.

ಬಲ್ಮಠದ ಅಚ್ಚುಮೊಳೆ

ಎರಡನೆಯ ದಿನದ ಬೆಳಗನ್ನು ಬಲ್ಮಠದ ಗುಡ್ಡದಲ್ಲಿ ಕಳೆಯಬೇಕು. ನಮ್ಮ ಪತ್ರಿಕೆಯ ಓದುಗರಿಗೆ ಮಂಗಳೂರಿನಲ್ಲಿ ಮುಖ್ಯವಾದ ಸ್ಥಳ ಇದೇ ಎಂದು ನಮ್ಮ ಭಾವನೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಷನ್ನಿನವರು ಮಂಗಳೂರಿಗೆ ಬಂದರು. 1841ರಲ್ಲಿ ಮುದ್ರಣಾಲಯ ತೆರೆದರು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಎಂಬ ಪಾದ್ರಿ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಕನ್ನಡದ ಮೊದಲ ಪತ್ರಿಕೆ ಅದೇ. ಇಂದು ನೀವು ಕೈಯಲ್ಲಿ ಹಿಡಿದಿರುವ ಈ ಮಾಸಪತ್ರಿಕೆಯೂ ಆ ವಂಶದ್ದೇ. ಅದೇ ಮೊಗ್ಲಿಂಗರು 1848ರಿಂದ ಕೆಲವು ವರ್ಷ ನಡೆಸಿದ ಪ್ರಾಚೀನ ಕನ್ನಡ ಗ್ರಂಥಗಳ ಮಾಲೆಯಲ್ಲಿ ಭೀಮಕವಿಯ ಬಸವಪುರಾಣವೂ ಅಚ್ಚಾಯಿತು. 1894ರಲ್ಲಿ ಹೊರಬಂದ ಕಿಟೆಲ್ ಅವರ ನಿಘಂಟು ಮುದ್ರಣವಾದುದೂ ಈ ಊರಿನಲ್ಲೇ. ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನ ಗ್ರಂಥಭಂಡಾರದಲ್ಲಿ ಆ ಕಾಲದ ಮುದ್ರಣಗಳನ್ನು ಜೋಪಾನವಾಗಿಟ್ಟಿದ್ದಾರೆ. ಮೊದಲೇ ಬರೆದು ಅನುಮತಿ ಕೇಳಿಕೊಂಡು ಹೋಗುವುದು ಒಳ್ಳೆಯದು.

ಇಲ್ಲಿ ನಮ್ಮದೇ ಒಂದು ನೋವನ್ನು ತೋಡಿಕೊಳ್ಳಬೇಕು. ನಾವು ಬಾಲ್ಯದಲ್ಲಿ ಓದಿದ ಮಠದಲ್ಲಿ ಬಸವಪುರಾಣದ ತಾಳೆಯೋಲೆಯ ಕಟ್ಟೊಂದಿತ್ತು. ಶ್ರಾವಣಮಾಸದಲ್ಲಿ ಅದನ್ನು ಕೆಂಪು ವಸ್ತ್ರದಲ್ಲಿ ಸುತ್ತಿ, ಮಣೆಯ ಮೇಲಿಟ್ಟು, ವಿಭೂತಿ ಧರಿಸಿ, ಹೂವೇರಿಸಿ ಪೂಜಿಸುತ್ತಿದ್ದೆವು. ಪ್ರವಚನಕ್ಕೆ ಬಳಸುತ್ತಿದ್ದುದು ಅಚ್ಚಿನ ಪುಸ್ತಕ. ಓಲೆಯ ಕಟ್ಟನ್ನು ಬಿಚ್ಚುವ ಪದ್ಧತಿಯೇ ಇರಲಿಲ್ಲ. ನಮಗೆ ಇಪ್ಪತ್ತು ತುಂಬಿದ ವರ್ಷ, ಕುತೂಹಲ ತಡೆಯಲಾರದೆ ಗುರುಗಳ ಅಪ್ಪಣೆ ಪಡೆದು ಬಿಚ್ಚಿದರೆ ಕೈಗೆ ಸಿಕ್ಕಿದ್ದು ಹುಳು ತಿಂದ ಜಾಲರಿ ಮತ್ತು ಒಂದು ಬೊಗಸೆ ಹುಡಿ. ಎಷ್ಟು ವರ್ಷ ನಾವು ಹುಡಿಗೆ ಹೂವೇರಿಸಿದ್ದೆವೋ! ನಾವು ಪೂಜಿಸುತ್ತ ಕಳೆದುಕೊಂಡುದನ್ನು, ನಮ್ಮ ಧರ್ಮವನ್ನು ಒಪ್ಪದ, ತಮ್ಮ ಧರ್ಮವನ್ನು ಹರಡಲೆಂದೇ ಕಡಲು ದಾಟಿಬಂದ ಪಾದ್ರಿಗಳು ಓದಿ, ನಕಲು ಮಾಡಿಸಿ, ಅಚ್ಚುಹಾಕಿ ಉಳಿಸಿದರು. ಅವರ ಉದ್ದೇಶ ಏನೇ ಇರಲಿ, ಅವರ ಶ್ರಮಕ್ಕೆ ನಾವು ಋಣಿಗಳು. ಮುಂದೆ ಫ.ಗು. ಹಳಕಟ್ಟಿಯವರು ಊರೂರು ಅಲೆದು ವಚನಗಳ ಓಲೆಗಳನ್ನು ಕೂಡಿಹಾಕಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸದಿದ್ದರೆ ನಮ್ಮ ವಚನಗಳಿಗೂ ಆ ಓಲೆಯ ಗತಿಯೇ ಬರುತ್ತಿತ್ತೇನೋ.

ಮಿಷನ್ನಿನವರ ಇನ್ನೆರಡು ಕಾಯಕಗಳು ದಾವಣಗೆರೆಯವರಿಗೆ ಚೆನ್ನಾಗಿ ಪರಿಚಿತ. 1865ರಲ್ಲಿ ಪ್ಲೆಬ್ಸ್ಟ್ ಎಂಬವರ ಮುಂದಾಳತ್ವದಲ್ಲಿ ಅವರು ಇಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ಜೇಡಿಮಣ್ಣು ಯಂತ್ರದ ಅಚ್ಚಿನಲ್ಲಿ ಒತ್ತಿ, ಒಲೆಯಲ್ಲಿ ಬೆಂದು ‘ಮಂಗಳೂರು ಹಂಚು’ ಎಂಬ ಹೆಸರಿನಲ್ಲಿ ದೇಶವಿದೇಶಗಳ ಮಾಡುಗಳನ್ನೇರಿತು. ನಮ್ಮ ಪಾಠಶಾಲೆಯ ಮಾಡಿನ ಹಂಚೊಂದು ಬಿದ್ದು ಒಡೆದಾಗ ಅದರ ಒಳಮೈಯಲ್ಲಿದ್ದ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಲು ಹುಡುಗರೆಲ್ಲ ಮುತ್ತಿದ್ದು ನೆನಪಿದೆ. ನಾವು ಕಲಿತ ಮೊದಲ ಇಂಗ್ಲಿಷ್ ಪಾಠ ಅದೇ. ಇನ್ನೊಂದು ನೇಯ್ಗೆ. ಹಾಲರ್ ಎಂಬವರು 1851ರ ಸುಮಾರಿಗೆ ಇಲ್ಲಿಯ ಮಗ್ಗದ ಶಾಲೆಯಲ್ಲಿ ಖಾಕಿ ಬಣ್ಣವನ್ನು ಸಿದ್ಧಪಡಿಸಿದರೆಂದು ಹೇಳುತ್ತಾರೆ. ಒಂದು ಕಾಲಕ್ಕೆ ಗಿರಣಿಯ ಕೂಗಿನಿಂದ ಎಚ್ಚರಗೊಳ್ಳುತ್ತಿದ್ದ ನಮ್ಮ ಊರಿನವರು ಈ ಮಾತನ್ನು ಆಸಕ್ತಿಯಿಂದ ಕೇಳುವರೆಂದು ನಂಬಿದ್ದೇವೆ.

ರಾಣಿ ಕೊಟ್ಟ ಭೂಮಿ

ಬಲ್ಮಠದಿಂದ ಹಂಪನಕಟ್ಟೆಗೆ ಇಳಿದರೆ ಮಿಲಾಗ್ರಿಸ್ ಇಗರ್ಜಿ. 1680ರಲ್ಲಿ ಬಿಷಪ್ ತೋಮಸ್ ದೆ ಕಾಸ್ತ್ರೊ ಕಾಲದಲ್ಲಿ ಇದು ಸ್ಥಾಪನೆಯಾಯಿತು. ಇದಕ್ಕೆ ಭೂಮಿಯನ್ನು ಕೊಟ್ಟವಳು ಕೆಳದಿಯ ಚೆನ್ನಮ್ಮಾಜಿಯೆಂದು ಇಲ್ಲಿಯವರು ಇಂದಿಗೂ ಹೇಳಿಕೊಳ್ಳುತ್ತಾರೆ. ಅವಳ ಮಾವ ಶಿವಪ್ಪನಾಯಕ ಪೋರ್ಚುಗೀಸರೊಡನೆ ಯುದ್ಧ ಮಾಡಿದವನು. ಆದರೂ ತನ್ನ ನೆಲದಲ್ಲಿ ಬದುಕುವ ಕ್ರೈಸ್ತ ಪ್ರಜೆಗೆ ಪ್ರಾರ್ಥಿಸಲು ಜಾಗ ಬೇಕೆಂದು ಆ ಲಿಂಗವಂತ ರಾಣಿ ತಿಳಿದಳು. ಯುದ್ಧ ಬೇರೆ, ಪ್ರಜೆಯ ದೇವರು ಬೇರೆ ಎಂಬ ವಿವೇಕ ಅವಳಿಗಿತ್ತು.

ಇದರ ಸಮೀಪದ ಗುಡ್ಡದ ಮೇಲೆ ಸಂತ ಅಲೋಶಿಯಸ್ ಚಾಪೆಲ್ ಇದೆ. ಇಟಲಿಯ ಚಿತ್ರಕಾರ ಆಂಟೋನಿಯೊ ಮೊಸ್ಕೇನಿ ಎರಡು ವರ್ಷಕ್ಕೂ ಮಿಗಿಲಾಗಿ ದುಡಿದು, 1901ರ ಹೊತ್ತಿಗೆ ಅದರ ಗೋಡೆ, ಮಾಡುಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಕತ್ತೆತ್ತಿ ನೋಡುತ್ತ ನಿಂತರೆ ಹೊತ್ತು ಹೋದುದೇ ತಿಳಿಯುವುದಿಲ್ಲ. ಕುದ್ರೋಳಿಯ ಗೋಕರ್ಣನಾಥ ಕ್ಷೇತ್ರವನ್ನೂ ಬಿಡಬಾರದು. ಗುಡಿಗಳೊಳಗೆ ಪ್ರವೇಶವಿಲ್ಲದಿದ್ದ ಬಿಲ್ಲವ ಸಮಾಜದವರಿಗಾಗಿ ನಾರಾಯಣಗುರುಗಳು 1912ರಲ್ಲಿ ತಮ್ಮ ಕೈಯಾರೆ ಇಲ್ಲಿ ಶಿವಲಿಂಗವನ್ನು ಪ್ರತಿಷ್ಠಾಪಿಸಿದರು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಲಿಂಗವನ್ನೇ ಎಲ್ಲರ ಅಂಗೈಗೆ ತಂದರು. ಇಪ್ಪತ್ತನೆಯ ಶತಮಾನದ ಗುರುಗಳು ಹೊರಗುಳಿದವರಿಗೆ ಅವರದೇ ಗುಡಿ ಕಟ್ಟಿಕೊಟ್ಟರು. ದಾರಿ ಬೇರೆಯಾದರೂ ಹಸಿವು ಒಂದೇ. ಊರಿಗೆ ಹೆಸರು ಕೊಟ್ಟ ಮಂಗಳಾದೇವಿಯ ದರ್ಶನವನ್ನು ಸಂಜೆಯೊಳಗೆ ಮುಗಿಸಬಹುದು.

ಹೊಸ ಬಂದರು, ಹಳೆಯ ಸೂರ್ಯ

ಕೊನೆಯ ಸಂಜೆ ಪಣಂಬೂರಿಗೆ. ಹಳೆಯ ಬಂದರಿನ ಅಳಿವೆಯಲ್ಲಿ ಮರಳು ತು೦ಬುವುದರಿಂದ ದೊಡ್ಡ ಹಡಗುಗಳು ಒಳಬರಲಾರದೆ ದೂರದಲ್ಲೇ ನಿಲ್ಲುತ್ತಿದ್ದವು. ಸರಕನ್ನು ಸಣ್ಣ ದೋಣಿಗಳಲ್ಲಿ ಸಾಗಿಸಬೇಕಿತ್ತು. ಈ ಕಷ್ಟದ ಪರಿಹಾರಕ್ಕಾಗಿ ಪಣಂಬೂರಿನಲ್ಲಿ ನೆಲವನ್ನು ಅಗೆದು ಕಡಲನ್ನು ಒಳಗೆ ಕರೆತಂದರು. 1974ರಲ್ಲಿ ಅದನ್ನು ದೇಶದ ಪ್ರಮುಖ ಬಂದರುಗಳಲ್ಲೊಂದೆಂದು ಘೋಷಿಸಲಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಕುದುರೆಮುಖದ ಕಬ್ಬಿಣದ ಅದಿರು ಬಹು ವರ್ಷ ಇಲ್ಲಿಂದ ಹೊರಟಿತು. 2005ರ ಕೊನೆಗೆ ಅಲ್ಲಿಯ ಗಣಿಗಾರಿಕೆ ನಿಂತಿತು. ಈಗ ಕೊಡಗು, ಚಿಕ್ಕಮಗಳೂರುಗಳ ಕಾಫಿ ಹೊರಹೋಗುತ್ತದೆ, ಕಚ್ಚಾ ತೈಲ ಮತ್ತು ನಮ್ಮ ಅಡುಗೆಮನೆಗಳ ಅನಿಲ ಒಳಬರುತ್ತದೆ. ಬಂದರಿನೊಳಗೆ ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ. ಪಕ್ಕದ ಕಡಲತೀರದಿಂದಲೇ ಸಾಲುಗಟ್ಟಿ ಕಾದಿರುವ ಹಡಗುಗಳನ್ನು ನೋಡಬಹುದು.

ಗೃಹಸ್ಥರಿಗೆ ಕೆಲವು ಸೂಚನೆ

ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಕಾಲ ಅನುಕೂಲ. ಮಳೆಗಾಲದಲ್ಲಿ ಕಡಲಿಗಿಳಿಯಲೇಬಾರದು, ಉಳಿದ ದಿನಗಳಲ್ಲೂ ಜೀವರಕ್ಷಕರಿರುವಲ್ಲಿ ಮಾತ್ರ ಮಕ್ಕಳನ್ನು ಬಿಡಬೇಕು. ಹುಲಿಕಲ್ ಘಟ್ಟದಲ್ಲಿ ಮಳೆಗೆ ಕುಸಿತವಾಗುವುದುಂಟಾದ್ದರಿಂದ ಹೊರಡುವ ಮುನ್ನ ವಿಚಾರಿಸಬೇಕು. ಜೂನ್, ಜುಲೈಗಳಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆಯ ನಿಷೇಧವಿರುವುದರಿಂದ ದಕ್ಕೆ ಬರಿದಾಗಿರುತ್ತದೆ. ದಕ್ಕೆಯ ನೆಲ ಜಾರುತ್ತದೆ, ವೃದ್ಧರು ಕೋಲು ಹಿಡಿದು ನಡೆಯುವುದು ಕ್ಷೇಮ. ದುಡಿಯುವವರ ಭಾವಚಿತ್ರವನ್ನು ಕೇಳದೆ ತೆಗೆಯಬಾರದು. ಆಹಾರದ ಚಿಂತೆ ಬೇಡ. ಸಸ್ಯಾಹಾರದ ಹೋಟೆಲುಗಳು ಬೀದಿಗೊಂದರಂತೆ ಇವೆ; ನೀರುದೋಸೆ, ಗೋಳಿಬಜೆ, ಬಾಳೆಹಣ್ಣಿನ ಬನ್ಸ್ ನಮ್ಮ ಮಂಡಕ್ಕಿ ಮಿರ್ಚಿಯನ್ನು ಎರಡು ದಿನ ಮರೆಸುತ್ತವೆ. ತುಳು, ಕೊಂಕಣಿ, ಬ್ಯಾರಿ ಮನೆಮಾತಾದ ಜನ ಹೊರಗಿನವರೊಡನೆ ಆಡುವ ಕನ್ನಡ ಪುಸ್ತಕದಂತೆ ಶುದ್ಧ. ನಮ್ಮ ಮಕ್ಕಳು ಕೇಳಿ ಕಲಿಯಬೇಕಾದದ್ದು.

ಪಣಂಬೂರಿನ ಮರಳಿನಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಹುಡುಗಿ ನಮ್ಮ ಪಕ್ಕಕ್ಕೆ ಬಂದು ಕುಳಿತಳು. ಏನನ್ನೂ ಕೇಳಲಿಲ್ಲ. ನಾವೇ ಕೇಳಿದೆವು: “ದಿನವೂ ಪೂಜೆ ತಪ್ಪದೆ ನಡೆದೀತೇನವ್ವ?” ಅವಳು ಕೊರಳಿನ ಲಿಂಗವನ್ನು ಮುಟ್ಟಿಕೊಂಡು ಹೇಳಿದಳು: “ಇದಕ್ಕೆ ಊರು ಯಾಕೆ ಬೇಕು ಅಜ್ಜಾ? ಅಂಗೈ ಇದ್ರೆ ಸಾಕಲ್ರೀ.”

ದೇವರು ಒಂದು ಊರಿನ ಗುಡಿಯಲ್ಲಿ ನೆಲೆಸಿದ್ದಾನೆಂದು ನಂಬಿದವರು ಊರು ಬಿಡಲು ಅಂಜಿದರೆ ಅರ್ಥವುಂಟು. ಮೈಮೇಲೆ ಲಿಂಗವನ್ನು ಧರಿಸಿ, ಎಲ್ಲಿ ಕುಳಿತರೆ ಅಲ್ಲೇ ಪೂಜೆಯೆಂದು ಕಲಿತವರು, ಕಲಿಸಿದವರು ನಾವು. ನಾವು ಅಂಜಿದ್ದು ನಮ್ಮ ತತ್ತ್ವದ ಮೇಲಿನ ಅಪನಂಬಿಕೆಯಿಂದಲೇ ಹೊರತು ಮಂಗಳೂರಿನ ದೋಷದಿಂದಲ್ಲ. ಮರುದಿನ ಅವಳನ್ನು ವಸತಿನಿಲಯದಲ್ಲಿ ಬಿಟ್ಟು, ವಿಭೂತಿಯ ಗಟ್ಟಿಯನ್ನೂ ಉಳಿದ ರೊಟ್ಟಿಯ ಬುತ್ತಿಯನ್ನೂ ಕೈಗಿತ್ತು ಹೊರಟೆವು. ಅವಳ ಅಜ್ಜಿ ಕಣ್ಣೊರೆಸಿಕೊಂಡರು. ದಾರಿಯಲ್ಲಿ ದಕ್ಕೆಯ ಕಡೆಗೆ ವಾಹನವನ್ನು ತಿರುಗಿಸಲು ಹೇಳಿ ನಾವೊಬ್ಬರೇ ಇಳಿದೆವು. ಬಲೆ ಹೆಣೆಯುವ ಹಿರಿಯರು ಅಂದು ಅಲ್ಲಿರಲಿಲ್ಲ. ಅವರು ಕುಳಿತಿದ್ದ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತೆವು. ವಾಸನೆ ಹಾಗೆಯೇ ಇತ್ತು. ದೋಣಿಗಳೆಲ್ಲ ಕ್ಷೇಮವಾಗಿ ಹಿಂದಿರುಗಿವೆಯೆಂದು ತಿಳಿದುಕೊಂಡೆವು.